ಮುಚ್ಚಿಹೋದ ಅಂಗಡಿಯ ಗೇಮ್ ಡಬ್ಬಿ ಕೊಳ್ಳಬಹುದಾ?

ಪ್ರಶ್ನೆ: ನಮ್ಮ ಆಫೀಸಿನವರೊಬ್ಬರು ಅಮೆರಿಕದಿಂದ ಕಾಯಂ ಆಗಿ ವಾಪಸ್ ಬಂದಿದ್ದಾರೆ. ಸಾಮಾನು ಕಡಿಮೆ ಮಾಡುವಾಗ ‘ಊಯಾ’ ಅನ್ನೋ ಪುಟ್ಟ ಗೇಮ್ ಡಬ್ಬಿ ಸಿಕ್ಕಿತಂತೆ. ಎರಡು ಕಂಟ್ರೋಲರ್ ಸೇರಿಸಿ 3,000 ರೂಪಾಯಿಗೆ ಕೊಡ್ತೀನಿ, ಕೊಡೋ ಮೊದಲು ಎಲ್ಲಾ ಅಳಿಸಿ ಕ್ಲೀನ್ ಮಾಡ್ತೀನಿ ಅಂತಿದ್ದಾರೆ. ನನ್ನ ಮಕ್ಕಳಿಗೆ ಒಂಬತ್ತು ಮತ್ತು ಹದಿಮೂರು ವರ್ಷ. ಪ್ಲೇಸ್ಟೇಷನ್‌ಗೆ ಅಷ್ಟು ದುಡ್ಡು ಸುರಿಯೋಕೆ ಮನಸ್ಸಿಲ್ಲ. ಇದನ್ನು ತಗೊಳ್ಳಲಾ ಮೇಡಂ?
— ಹೆಸರು ಬೇಡ, ತುಮಕೂರು

ಉತ್ತರ: ಮೊದಲು ಅವರಿಗೆ ಫೋನ್ ಮಾಡಿ, ದಯವಿಟ್ಟು ಏನೂ ಅಳಿಸಬೇಡಿ ಅನ್ನಿ. ಉಳಿದದ್ದನ್ನು ಆಮೇಲೆ ಓದಿದರಾಯ್ತು.

ಯಾಕೆ ಅಂದರೆ, ಊಯಾವನ್ನು ರೀಸೆಟ್ ಮಾಡಿದರೆ ಅದು ಹೊಸದಾಗಿ ಲಾಗಿನ್ ಕೇಳುತ್ತದೆ. ಲಾಗಿನ್ ಆಗಬೇಕಾದರೆ ಕಂಪನಿಯ ಸರ್ವರ್ ಬೇಕು. ಆ ಸರ್ವರ್ 2019ರ ಜೂನ್ 25ಕ್ಕೆ ಬಂದ್ ಆಗಿದೆ. ಹಾಗಾಗಿ ಅಳಿಸಿದ ಡಬ್ಬಿ ಲಾಗಿನ್ ಪರದೆಯಲ್ಲೇ ನಿಂತುಬಿಡುತ್ತದೆ, ಮುಂದೆ ಹೋಗುವುದಿಲ್ಲ. ಅಳಿಸದೆ ಇದ್ದರೆ, ಅವರು ಆಗ ಇಳಿಸಿಕೊಂಡ ಆಟಗಳಲ್ಲಿ ಒಂದಷ್ಟಾದರೂ ಅದರೊಳಗೆ ನಡೆಯುವ ಸ್ಥಿತಿಯಲ್ಲಿರುತ್ತವೆ. ನಿಮಗೆ ಬೇಕಾಗಿರುವುದು ಅವೇ. ಕ್ಲೀನ್ ಮಾಡಿ ಕೊಡುವುದು ಒಳ್ಳೆ ಮನಸ್ಸಿನ ಮಾತೇ, ಆದರೆ ಈ ಡಬ್ಬಿಯ ವಿಷಯದಲ್ಲಿ ಅದು ಮಾಲನ್ನೇ ತೆಗೆದು ಚೀಲ ಕೊಟ್ಟಂತೆ.

ಇನ್ನು ಊಯಾ ಅಂದರೆ ಏನು ಅಂತ ನಿಮ್ಮ ದೊಡ್ಡ ಮಗ ಕೇಳೇ ಕೇಳುತ್ತಾನೆ. 2012ರ ಜುಲೈನಲ್ಲಿ ಜೂಲಿ ಉರ್ಮನ್ ಅನ್ನುವವರು ಇದನ್ನು ಮಾಡೋಕೆ ಕಿಕ್‌ಸ್ಟಾರ್ಟರ್ ಅನ್ನುವ ವೆಬ್‌ಸೈಟ್‌ನಲ್ಲಿ ಜನರ ಹತ್ತಿರ ದುಡ್ಡು ಕೇಳಿದರು. ಕೇಳಿದ್ದು ಒಂಬತ್ತೂವರೆ ಲಕ್ಷ ಡಾಲರ್. ಅದು ಮೊದಲ ದಿನವೇ ತುಂಬಿತು. ಒಂದು ತಿಂಗಳು ಮುಗಿಯುವ ಹೊತ್ತಿಗೆ 63,000ಕ್ಕೂ ಜಾಸ್ತಿ ಜನ ಸೇರಿ ಕೊಟ್ಟದ್ದು 85 ಲಕ್ಷ ಡಾಲರ್‌ಗೂ ಮೇಲೆ. ಒಂದು ವರ್ಷದ ನಂತರ, 2013ರ ಜೂನ್‌ನಲ್ಲಿ, ಅದು ಅಮೆರಿಕದ ಅಂಗಡಿಗಳಿಗೆ ಬಂತು. ಬೆಲೆ 99 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 6,000 ರೂಪಾಯಿ. ಕೆಲವೇ ತಿಂಗಳ ನಂತರ ನಮ್ಮಲ್ಲಿ ಪ್ಲೇಸ್ಟೇಷನ್ 4 ಬಂದಾಗ ಅದರ ಬೆಲೆ 39,990.

ಜನ ಹಾಗೆ ಮುಗಿಬಿದ್ದದ್ದು ಬರೀ ಅಗ್ಗ ಅಂತಲ್ಲ. ಆ ಕಾಲದಲ್ಲಿ ಒಬ್ಬಿಬ್ಬರು ಸೇರಿ ಮನೆಯಲ್ಲಿ ಮಾಡಿದ ಆಟವನ್ನು ಟಿವಿಗೆ ತರುವುದು ದೊಡ್ಡ ತಲೆನೋವು. ಸೋನಿಯವರದೋ ಮೈಕ್ರೋಸಾಫ್ಟ್‌ನವರದೋ ಒಪ್ಪಿಗೆ ಬೇಕು, ಡೆವಲಪರ್ ಕಿಟ್ ಅಂತ ಬೇರೆ ಯಂತ್ರವೇ ಬೇಕು. ಊಯಾದಲ್ಲಿ ಅಂಗಡಿಯಿಂದ ತಂದ ಡಬ್ಬಿಯೇ ಡೆವಲಪರ್ ಕಿಟ್. ಒಳಗಿರುವುದು ಆಂಡ್ರಾಯ್ಡ್. ಬರೆದದ್ದನ್ನು ಸಂಜೆಯೇ ಟಿವಿಯಲ್ಲಿ ಆಡಿ ನೋಡಬಹುದಿತ್ತು. ಬಿಚ್ಚಬಾರದು ಅಂತಲೂ ಯಾರೂ ಹೆದರಿಸಲಿಲ್ಲ, ಸ್ಕ್ರೂ ತೆಗೆದರೆ ಡಬ್ಬಿ ತೆರೆದುಕೊಳ್ಳುತ್ತದೆ. ನನಗೆ ಊಯಾ ಇವತ್ತಿಗೂ ಇಷ್ಟ ಆಗುವುದು ಈ ಒಂದು ಗುಣಕ್ಕೆ.

ಎರಡನೆಯ ಗುಣ ಒಂದೇ ಸೋಫಾದ ಮೇಲೆ ಕೂತು ನಾಲ್ಕು ಜನ ಆಡುವ ಆಟಗಳು. ‘ಟವರ್‌ಫಾಲ್’ ಮೊದಲು ಬಂದದ್ದು ಇದರಲ್ಲೇ. ಎಲ್ಲರ ಕೈಯಲ್ಲೂ ಬಿಲ್ಲು, ಶುರುವಿಗೆ ಮೂರೇ ಬಾಣ. ಒಂದು ತಗುಲಿದರೆ ಕಥೆ ಮುಗಿಯಿತು. ಬಾಣ ಮುಗಿದವರು ಗೋಡೆಗೆ ನೆಟ್ಟದ್ದನ್ನು ಕಿತ್ತು ತರಬೇಕು, ಇಲ್ಲಾ ಎದುರಾಳಿ ಬಿಟ್ಟದ್ದನ್ನೇ ಗಾಳಿಯಲ್ಲಿ ಹಿಡಿಯಬೇಕು. ನಮ್ಮ ಮನೆಯಲ್ಲಿ ಗೇಮ್ ಅಂದರೆ ಮೂಗು ಮುರಿಯುವ ನನ್ನ ಅತ್ತಿಗೆಯೇ ‘ಇನ್ನೊಂದು ಸಲ’ ಅಂತ ಕೂತುಬಿಡುತ್ತಾರೆ. ‘ಡಕ್ ಗೇಮ್’ ಕೂಡ 2014ರಲ್ಲಿ ಮೊದಲು ಊಯಾಕ್ಕೇ ಬಂತು. ಬಾತುಕೋಳಿಗಳ ಕೈಗೆ ಬಂದೂಕು ಕೊಟ್ಟ ಆಟ. ಅದರಲ್ಲಿ ‘ಕ್ವಾಕ್’ ಅನ್ನೋಕೇ ಒಂದು ಬಟನ್ ಇದೆ, ಬೇರೇನೂ ಉಪಯೋಗವಿಲ್ಲ. ನಿಮ್ಮ ಚಿಕ್ಕವನು ಅದೊಂದನ್ನೇ ಒತ್ತುತ್ತಾ ಇರುತ್ತಾನೆ ನೋಡಿ. ‘ಹಿಡನ್ ಇನ್ ಪ್ಲೇನ್ ಸೈಟ್’ ಅಂತ ಇನ್ನೊಂದಿದೆ. ಪರದೆ ತುಂಬಾ ಒಂದೇ ಥರದ ಬೊಂಬೆಗಳು. ಅದರಲ್ಲಿ ತಾನು ಯಾರು ಅಂತ ಮೊದಲು ತಾನೇ ಕಂಡುಹಿಡಿಯಬೇಕು, ಪಕ್ಕದವರಿಗೆ ಗೊತ್ತಾಗಬಾರದು. ಇವಕ್ಕೆಲ್ಲ ದೊಡ್ಡ ಗ್ರಾಫಿಕ್ಸ್ ಬೇಡ. ಬೇಕಾದ್ದು ಪಕ್ಕದಲ್ಲಿ ಕೂತು ಕಿರುಚುವ ಜನ.

ಈಗ ಅವಗುಣ. ಎಲ್ಲಕ್ಕಿಂತ ದೊಡ್ಡದು ಕಂಟ್ರೋಲರ್. ಡಬ್ಬಿಯ ರೂಪಕ್ಕೆ ಈವ್ ಬೆಹಾರ್ ಥರದ ಹೆಸರಾಂತ ಡಿಸೈನರ್‌ನನ್ನು ಕರೆಸಿದ್ದರು. ನೋಡೋಕೆ ಚೆನ್ನಾಗಿಯೇ ಇದೆ, 75 ಮಿಲಿಮೀಟರಿನ ಚೌಕದ ಡಬ್ಬಿ. ಆದರೆ ಕೈಯಲ್ಲಿ ಹಿಡಿಯುವ ವಸ್ತುವಿಗೆ ಅಷ್ಟು ಗಮನ ಹೋಗಲಿಲ್ಲ. ಮೊದಮೊದಲು ಬಂದವುಗಳಲ್ಲಿ ಬಟನ್ ಒತ್ತಿದರೆ ಅದು ಮೇಲಿನ ಪ್ಲೇಟಿನ ಅಡಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಒತ್ತಿದ್ದಕ್ಕೂ ಪರದೆಯಲ್ಲಿ ನೆಗೆಯುವುದಕ್ಕೂ ನಡುವೆ ತಡ ಆಗುತ್ತದೆ ಅನ್ನುವ ದೂರೂ ಜೋರಾಗಿತ್ತು. ಕಂಪನಿ ಬಟನ್ನಿನ ತೂತುಗಳನ್ನು ದೊಡ್ಡದು ಮಾಡಿತು, ಮುಂದಿನವು ಸುಧಾರಿಸಿದವು. ಅಷ್ಟರಲ್ಲಿ ವಿಮರ್ಶೆಗಳೆಲ್ಲ ಬರೆದು ಆಗಿತ್ತು. ಟವರ್‌ಫಾಲ್ ಥರದ ಆಟದಲ್ಲಿ ಬಟನ್ ಕೈಕೊಟ್ಟರೆ ಆಡೋದಾದರೂ ಏನನ್ನು, ಅಲ್ವಾ?

ಒಳಗಿನ ಚಿಪ್ ಎನ್‌ವಿಡಿಯಾದ ಟೆಗ್ರಾ 3, 1 ಜಿಬಿ ರ್‍ಯಾಮ್, 8 ಜಿಬಿ ಜಾಗ. 2012ರ ನೆಕ್ಸಸ್ 7 ಟ್ಯಾಬ್ಲೆಟ್‌ನಲ್ಲಿದ್ದದ್ದೂ ಇದೇ ಚಿಪ್. ಅಂದರೆ ಅಂಗಡಿಗೆ ಬರುವ ಹೊತ್ತಿಗೇ ಹಳತಾಗಿತ್ತು. ಮುಂದೆ 16 ಜಿಬಿಯದೂ ಬಂತು, ನಿಮಗೆ ಕೊಡುತ್ತಿರುವುದು ಯಾವುದು ಅಂತ ಕೇಳಿ. ಗೂಗಲ್ ಪ್ಲೇ ಇಲ್ಲ, ಅದರದೇ ಅಂಗಡಿ ಇತ್ತು. ಆಂಡ್ರಾಯ್ಡ್ ಇದೆಯಲ್ಲ, ಸಿನಿಮಾ ಆದರೂ ನೋಡೋಣ ಅಂದುಕೊಳ್ಳಬೇಡಿ. ಇವತ್ತಿನ ಒಟಿಟಿ ಆಪ್‌ಗಳಿಗೆ ಆಂಡ್ರಾಯ್ಡ್ 4.1 ಸಾಲುವುದಿಲ್ಲ.

ಇಷ್ಟಾದ ಮೇಲೂ ಕೊಳ್ಳುವುದಾದರೆ ಅವರ ಮನೆಗೇ ಹೋಗಿ, ಟಿವಿಗೆ ಹಾಕಿ ನೋಡಿ. ಎಚ್‌ಡಿಎಂಐ ಬಿಟ್ಟರೆ ಬೇರೆ ದಾರಿ ಇಲ್ಲ, ನಿಮ್ಮ ಟಿವಿಯಲ್ಲಿ ಅದಿರಬೇಕು. ಕಂಟ್ರೋಲರಿನ ಎರಡೂ ಬದಿಯ ಪ್ಲೇಟ್ ತೆಗೆಯಿರಿ. ಎಡಕ್ಕೊಂದು ಬಲಕ್ಕೊಂದು ಎಎ ಸೆಲ್ ಇರುತ್ತದೆ. ಎಲ್ಲೂ ಕಾಣದ ಹಾಗೆ ಮುಚ್ಚಿಟ್ಟಿರುವುದರಿಂದ ಎಷ್ಟೋ ಜನ ಅದನ್ನು ಮರೆತೇ ಬಿಟ್ಟಿರುತ್ತಾರೆ. ವರ್ಷಗಟ್ಟಲೆ ಕೂತ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ, ನಿಂಬೆರಸ ಅದ್ದಿದ ಇಯರ್‌ಬಡ್‌ನಲ್ಲಿ ಒರೆಸಿ, ಒಣಬಟ್ಟೆ ಹಿಡಿದು ಚೆನ್ನಾಗಿ ಒಣಗಿಸಿ. ಸ್ಪ್ರಿಂಗೇ ತಿಂದುಹೋಗಿದ್ದರೆ ಆ ಕಂಟ್ರೋಲರ್ ಲೆಕ್ಕಕ್ಕಿಲ್ಲ. ಅಡಾಪ್ಟರ್ ಮೇಲೆ 240 ವೋಲ್ಟ್ ಅಂತ ಬರೆದಿದೆಯಾ ಓದಿಕೊಂಡು ಪ್ಲಗ್ ಹಾಕಿ. ಅಮೆರಿಕದ ಪಿನ್ನಿಗೆ ಕನ್ವರ್ಟರ್ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ.

ಎರಡು ಕಂಟ್ರೋಲರ್ ಸರಿಯಿದ್ದು, ಒಳಗೆ ನಾಲ್ಕು ಒಳ್ಳೆ ಆಟ ನಡೆದರೆ 1,500 ಕೊಡಿ. 3,000 ಜಾಸ್ತಿಯಾಯ್ತು. ಅಕಸ್ಮಾತ್ ಅವರು ಆಗಲೇ ಅಳಿಸಿಬಿಟ್ಟಿದ್ದರೆ? ಪೂರ್ತಿ ಕೈಬಿಡಬೇಕಿಲ್ಲ. ಅಭಿಮಾನಿಗಳು ಬದಲಿ ಸರ್ವರ್ ಕಟ್ಟಿದ್ದಾರೆ. ಮೈಕ್ರೋ ಯುಎಸ್‌ಬಿ ಕೇಬಲ್‌ನಲ್ಲಿ ಡಬ್ಬಿಯನ್ನು ಕಂಪ್ಯೂಟರಿಗೆ ಸೇರಿಸಿ, ಒಂದು ಪುಟ್ಟ ಸೆಟ್ಟಿಂಗ್ ಫೈಲ್ ಒಳಗೆ ಹಾಕಿದರೆ ಅದು ಹಳೆಯ ಸರ್ವರ್ ಬಿಟ್ಟು ಇದನ್ನು ಹುಡುಕುತ್ತದೆ. ನಿಮ್ಮ ಹದಿಮೂರರವನಿಗೆ ಇಂಥದ್ದರಲ್ಲಿ ಕೈಯಾಡಿಸುವ ಹುಚ್ಚಿದ್ದರೆ ಒಂದು ಭಾನುವಾರ ಚೆನ್ನಾಗಿ ಕಳೆಯುತ್ತದೆ. ಇಲ್ಲದಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಗೆಳೆಯನ ಜೊತೆ ಗೋಡೊ ಅನ್ನೋ ಗೇಮ್ ಮಾಡುವ ಸಾಫ್ಟ್‌ವೇರ್ ಕಲಿತು ಒಂದು ಸಣ್ಣ ಆಟ ಮಾಡಿದ್ದೇನೆ. ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸಾವಿರಾರು ಆಟಗಳ ನಡುವೆ ಕಳೆದುಹೋಗ್ತೀವಿ ಅಂತ ಭಯ. ಸಣ್ಣ ಕನ್ಸೋಲ್‌ಗೆ ಮಾಡಿದರೆ ಜನ ಗಮನಿಸ್ತಾರೆ ಅಂತ ಗೆಳೆಯ ಹೇಳ್ತಾನೆ. ಪ್ಲೇಡೇಟ್ ಅವನ ತಲೆಯಲ್ಲಿದೆ. ನಿಮಗೇನನ್ನಿಸುತ್ತೆ ಮೇಡಂ?
— ವಿದ್ಯಾರ್ಥಿ, ಹಾಸನ

ಉತ್ತರ: ನಿಮ್ಮ ಗೆಳೆಯ ಹೇಳುವುದರಲ್ಲಿ ಅರ್ಧ ನಿಜ ಇದೆ. ಟವರ್‌ಫಾಲ್‌ಗೆ ಮೊದಲ ಹೆಸರು ಬಂದದ್ದು ಊಯಾದ ಸಣ್ಣ ಅಂಗಡಿಯಿಂದಲೇ. ಆದರೆ ಅದು ಅಲ್ಲೇ ಉಳಿಯಲಿಲ್ಲ. 2014ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ 4ಕ್ಕೂ ಕಂಪ್ಯೂಟರಿಗೂ ಬಂತು. ಅದನ್ನು ಮಾಡಿದವರೇ ಮುಂದೆ 2018ರಲ್ಲಿ ‘ಸೆಲೆಸ್ಟ್’ ತಂದರು.

ಸಣ್ಣ ಕನ್ಸೋಲ್‌ನವರು ದುಡ್ಡು ಕೊಡ್ತೀವಿ ಅಂದಾಗ ಷರತ್ತು ಎರಡೆರಡು ಸಲ ಓದಿ. 2013ರಲ್ಲಿ ಊಯಾ ಹತ್ತು ಲಕ್ಷ ಡಾಲರಿನ ನಿಧಿ ಇಟ್ಟಿತು. ಕಿಕ್‌ಸ್ಟಾರ್ಟರ್‌ನಲ್ಲಿ 50,000 ಡಾಲರ್ ಎತ್ತಿದರೆ ನಾವೂ ಅಷ್ಟೇ ಸೇರಿಸ್ತೀವಿ, ಆರು ತಿಂಗಳು ಆಟ ನಮ್ಮಲ್ಲಿ ಮಾತ್ರ ಇರಬೇಕು ಅನ್ನುವುದು ಕರಾರು. ಬೆರಳೆಣಿಕೆಯ ಜನ ದೊಡ್ಡ ದೊಡ್ಡ ಮೊತ್ತ ಹಾಕಿ ಗುರಿ ಮುಟ್ಟಿಸಿದ ಆಟಗಳು ಕಂಡಾಗ ಅನುಮಾನ ಶುರುವಾಯಿತು. ಡೆವಲಪರ್‌ಗಳೇ ತಿರುಗಿಬಿದ್ದು ಗಲಾಟೆ ಮಾಡಿದ ಮೇಲೆ ಕಂಪನಿ ನಿಯಮ ಬದಲಿಸಿತು. 2015ರಲ್ಲಿ ಊಯಾದ ಸಾಫ್ಟ್‌ವೇರ್ ಮತ್ತು ತಂತ್ರಜ್ಞರನ್ನು ರೇಜರ್ ಕಂಪನಿ ಕೊಂಡಿತು. ಡಬ್ಬಿ ಮಾತ್ರ ಅಲ್ಲಿಗೇ ನಿಂತಿತು.

ಪ್ಲೇಡೇಟ್ ಬೇರೆ ಜಾತಿ. ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಪ್ಯಾನಿಕ್ ಕಂಪನಿಯದು, 2022ರಲ್ಲಿ ಬಂತು. ಅಂಗೈಯಲ್ಲಿ ಹಿಡಿಯುವ ಹಳದಿ ಯಂತ್ರ. ಪಕ್ಕದಲ್ಲಿ ತಿರುಗಿಸುವ ಹಿಡಿ. ಪರದೆಯಲ್ಲಿ ಕಪ್ಪು ಬಿಳುಪು ಬಿಟ್ಟು ಬೂದು ಬಣ್ಣ ಕೂಡ ಇಲ್ಲ, ಹಿಂದೆ ಬೆಳಕೂ ಇಲ್ಲ. ಹಾಸಿಗೆಯಲ್ಲಿ ಲೈಟ್ ಆರಿಸಿ ಆಡೋಣ ಅಂದರೆ ಆಗದು. ಮೊದಲು 179 ಡಾಲರ್ ಇತ್ತು, ಆಮೇಲೆ ಏರಿಸಿದರು. ಇಲ್ಲಿಗೆ ಬರುವಷ್ಟರಲ್ಲಿ ಅದು ಅಗ್ಗದ ಆಟಿಕೆ ಅನ್ನಿಸುವುದಿಲ್ಲ. ಕಂಪನಿಯ ಬಗ್ಗೆ ಒಂದು ಒಳ್ಳೆ ಮಾತು ಹೇಳಬೇಕು. ಮೊದಲ 5,000 ಯಂತ್ರ ತಯಾರಾದ ಮೇಲೆ ಬ್ಯಾಟರಿಯಲ್ಲಿ ದೋಷ ಕಂಡಾಗ, ತಡವಾದರೂ ಸರಿ ಅಂತ ಅಷ್ಟನ್ನೂ ಫ್ಯಾಕ್ಟರಿಗೆ ವಾಪಸ್ ಕಳಿಸಿ ಬದಲಾಯಿಸಿದರು.

ನಿಮಗೆ ಮುಖ್ಯವಾದ ವಿಷಯ ಬೇರೆ. ಪ್ಲೇಡೇಟ್‌ನ ಎಸ್‌ಡಿಕೆ, ಅಂದರೆ ಆಟ ಮಾಡೋಕೆ ಬೇಕಾದ ಸಾಫ್ಟ್‌ವೇರ್, ಉಚಿತ. ಲುವಾ ಅಥವಾ ಸಿ ಭಾಷೆಯಲ್ಲಿ ಬರೆದು ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲೇ ಆಡಿ ನೋಡಬಹುದು. ಯಂತ್ರ ಕೊಳ್ಳದೆಯೇ ಕಲಿಯಬಹುದು ಅಂದಂಗಾಯ್ತು. ಮಾಡಿದ ಆಟವನ್ನು ಕಂಪನಿಯ ಅಂಗಡಿಯಲ್ಲೇ ಇಡಬೇಕು ಅಂತಿಲ್ಲ, ಇಚ್.ಐಒ ಥರದ ವೆಬ್‌ಸೈಟ್‌ನಲ್ಲಿ ಫೈಲ್ ಆಗಿಯೇ ಮಾರಬಹುದು. ಕೊಂಡವರು ಯುಎಸ್‌ಬಿ ಮೂಲಕ ಹಾಕಿಕೊಳ್ಳುತ್ತಾರೆ. ನಾಳೆ ಅಂಗಡಿ ಮುಚ್ಚಿದರೂ ಆ ಫೈಲ್ ಅವರ ಹತ್ತಿರ ಇರುತ್ತದೆ. ಯಾವ ಸಣ್ಣ ಕನ್ಸೋಲ್ ಬಗ್ಗೆ ಯಾರು ಏನೇ ಹೇಳಲಿ, ನಾನು ಮೊದಲು ಕೇಳುವುದು ಇದನ್ನೇ. ಊಯಾದಲ್ಲಿ ದುಡ್ಡು ಕೊಟ್ಟು ಕೊಂಡ ಕೆಲವು ಆಟಗಳು ಸರ್ವರ್ ಜೊತೆಗೇ ಹೋದವು.

ಗೋಡೊದಲ್ಲಿ ಮಾಡಿದ್ದನ್ನು ಪ್ಲೇಡೇಟ್‌ಗೆ ಹಾಗೇ ಎತ್ತಿ ಹಾಕೋಕೆ ಆಗಲ್ಲ, ಹೊಸದಾಗಿ ಬರೆಯಬೇಕು. ಹಾಗಾಗಿ ಈ ಆಟವನ್ನು ಕಂಪ್ಯೂಟರಿಗೇ ಮುಗಿಸಿ. ಪ್ಲೇಡೇಟ್‌ಗೆ ಬೇಕಿದ್ದರೆ ಆ ಹಿಡಿ ಇಲ್ಲದಿದ್ದರೆ ನಡೆಯಲ್ಲ ಅನ್ನುವಂಥ ಬೇರೊಂದು ಪುಟ್ಟ ಆಟ ಯೋಚಿಸಿ. ಮುಗಿದ ಮೇಲೆ ಲಿಂಕ್ ಕಳಿಸಿ, ಖಂಡಿತ ಆಡುತ್ತೇನೆ.

ಪ್ರಶ್ನೆ: ರಜಕ್ಕೆ ಅಕ್ಕನ ಮಕ್ಕಳು, ನಾದಿನಿಯ ಮಕ್ಕಳು ಎಲ್ಲಾ ಬರ್ತಾರೆ. ಕನ್ಸೋಲ್ ಇಲ್ಲ, ಕೊಳ್ಳೋದೂ ಇಲ್ಲ. ಎಲ್ಲರೂ ಒಟ್ಟಿಗೆ ಆಡೋದು ಏನಾದರೂ ಇದೆಯಾ?
— ಗೃಹಿಣಿ, ಕುಂದಾಪುರ

ಉತ್ತರ: ‘ಬಾಂಬ್‌ಸ್ಕ್ವಾಡ್’. ಇದೂ ಊಯಾದಲ್ಲಿ ಹೆಸರು ಮಾಡಿದ ಆಟವೇ, ಆಂಡ್ರಾಯ್ಡ್ ಫೋನಿಗೆ ಪುಕ್ಕಟೆ ಸಿಗುತ್ತದೆ. ಒಂದು ಫೋನನ್ನೋ ಲ್ಯಾಪ್‌ಟಾಪನ್ನೋ ಟಿವಿಗೆ ಸೇರಿಸಿ, ಉಳಿದ ಫೋನುಗಳಿಗೆ ‘ಬಾಂಬ್‌ಸ್ಕ್ವಾಡ್ ರಿಮೋಟ್’ ಆಪ್ ಹಾಕಿ. ಎಲ್ಲಾ ಒಂದೇ ವೈಫೈನಲ್ಲಿರಲಿ. ಎಂಟು ಜನ ಸೇರಬಹುದು. ಸದ್ದು ಜಾಸ್ತಿಯಾಗುತ್ತದೆ, ಮಾವನವರ ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ ಶುರು ಮಾಡಿಸಿ.