ಅಮೆರಿಕಕ್ಕೆ ಹೊಂದಿಕೊಂಡಷ್ಟೂ ಹಿಸ್ಪಾನಿಕ್ (ಮೆಕ್ಸಿಕೋದಂಥ ಸ್ಪ್ಯಾನಿಷ್ ಮಾತಾಡುವ ದೇಶಗಳ) ವಲಸಿಗರು ಮಕ್ಕಳಿಗೆ ಲಸಿಕೆ ಜಾಸ್ತಿ ಹಾಕಿಸ್ತಾರಾ?

ಹಾಗೇನಿಲ್ಲ. ಎಷ್ಟೋ ಸಲ ಉಲ್ಟಾನೇ ಇರುತ್ತದೆ. ಇಂಗ್ಲಿಷ್ ಅಷ್ಟಾಗಿ ಬಾರದ, ಹೊಸದಾಗಿ ಬಂದ ತಾಯಂದಿರೇ ಲಸಿಕೆಯನ್ನು ಹೆಚ್ಚು ನಂಬುವುದುಂಟು.

ಆ ನಂಬಿಕೆ ತವರಿನಿಂದಲೇ ಬಂದದ್ದು. ಮೆಕ್ಸಿಕೋದಲ್ಲಿ 1989–90ರ ದಡಾರ ಸಾವಿರಾರು ಜೀವ ತೆಗೆಯಿತು. ಆಮೇಲೆ ಸರ್ಕಾರ ದೇಶದ ತುಂಬಾ ಲಸಿಕೆ ಹಾಕಿಸಿತು. ಪ್ರತಿ ಮಗುವಿಗೂ ಒಂದು ಪುಟ್ಟ ಲಸಿಕೆ ಪುಸ್ತಕ. ಯಾವ ಚುಚ್ಚುಮದ್ದು ಯಾವಾಗ ಆಯ್ತು ಅಂತ ಅದರಲ್ಲೇ ಬರೆಯುತ್ತಾರೆ. ಅದನ್ನು ಜೋಪಾನ ಮಾಡಿ ಬೆಳೆದವರಿಗೆ ಲಸಿಕೆ ತಪ್ಪಿಸುವ ಯೋಚನೆಯೇ ಬರುವುದಿಲ್ಲ. ಅಮೆರಿಕದಲ್ಲಿ ವರ್ಷಗಳು ಕಳೆದಂತೆ ಅಲ್ಲಿನ ಅನುಮಾನಗಳೂ ಅಂಟಿಕೊಳ್ಳಬಹುದು.

ಆದರೆ ನಂಬಿಕೆಯೊಂದೇ ಸಾಲದು, ಅಲ್ವಾ? ಅಮೆರಿಕದಲ್ಲಿ ವಿಮೆಯಿಲ್ಲದ ಮಕ್ಕಳಿಗೆ 1994ರಿಂದ ಸರ್ಕಾರದ ಲಸಿಕೆ ಉಚಿತ. ಆದರೂ ಒಂದು ದಿನದ ಕೂಲಿ ಹೋಗುತ್ತದೆ, ಕಾಗದಪತ್ರ ಇಲ್ಲದವರಿಗೆ ಸಿಕ್ಕಿಬೀಳುವ ಭಯ ಇರುತ್ತದೆ. ಸ್ಪ್ಯಾನಿಷ್ ಮಾತಾಡುವ ನರ್ಸ್, ಸಂಜೆಯೂ ತೆರೆದಿರುವ ಕ್ಲಿನಿಕ್ ಇವರಿಗೆ ನಿಜಕ್ಕೂ ಬೇಕು.