ಮಳೆ ಬಂದಾಗಲೆಲ್ಲ ಬಚ್ಚಲಿನಿಂದ ಕೊಳಚೆ ಉಕ್ಕುವುದೇಕೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೆಲಮಹಡಿಯ ಬಾಡಿಗೆ ಮನೆ, ಜೋರು ಮಳೆ ಹಿಡಿದ ಅರ್ಧ ಗಂಟೆಗೆ ಬಚ್ಚಲಿನ ಜಾಲರಿಯಿಂದ ಕಪ್ಪು ನೀರು, ಮನೆಯಲ್ಲಿ ಒಂದೂವರೆ ವರ್ಷದ ಮಗು. ಮಾಲೀಕರು ಮಾತ್ರ ‘ನೀವೇ ಕೂದಲು ಬಿಡುತ್ತೀರಿ, ಒಂದು ಬಾಟಲಿ ಆಸಿಡ್ ಸುರಿಯಿರಿ’ ಎನ್ನುತ್ತಾರೆ. ದಯವಿಟ್ಟು ಸುರಿಯಬೇಡಿ. ಕೂದಲಿನಿಂದ ಕಟ್ಟಿಕೊಂಡ ಬಚ್ಚಲು ಬೇಸಿಗೆಯಲ್ಲೂ ಕಟ್ಟಿಕೊಂಡೇ ಇರುತ್ತದೆ. ಮೋಡ ನೋಡಿಕೊಂಡು ಕಟ್ಟಿಕೊಳ್ಳುವ ಬಚ್ಚಲನ್ನು ನಾನಂತೂ ಕಂಡಿಲ್ಲ.

ನಾನು ಪ್ಲಂಬರ್ ಅಲ್ಲ. ಬಿಟಿಎಂ ಬಡಾವಣೆಯ ತಗ್ಗಿನ ಬೀದಿಯೊಂದರಲ್ಲಿ ಒಂಬತ್ತು ವರ್ಷ ನೆಲಮಹಡಿಯಲ್ಲಿದ್ದು, ಮಧ್ಯರಾತ್ರಿ ಪೊರಕೆ ಹಿಡಿದು ಕಲಿತದ್ದನ್ನು ಹೇಳುತ್ತಿದ್ದೇನೆ.

ಬೆಂಗಳೂರಿನಲ್ಲಿ ಮಳೆ ನೀರಿಗೆ ಒಂದು ದಾರಿ, ಮನೆಯ ಕೊಳಚೆಗೆ ಇನ್ನೊಂದು ದಾರಿ. ಮಳೆ ನೀರು ರಸ್ತೆ ಬದಿಯ ಮೋರಿ ಹಿಡಿದು ರಾಜಕಾಲುವೆ ಸೇರಬೇಕು, ಕೊಳಚೆ ಜಲಮಂಡಳಿಯ ಒಳಚರಂಡಿಗೆ ಹೋಗಬೇಕು. ಆದರೆ ತಾರಸಿಯ ಮಳೆ ಕೊಳವೆಯನ್ನು ಸದ್ದಿಲ್ಲದೆ ಚೇಂಬರಿಗೆ, ಎಂದರೆ ಕೊಳಚೆ ಕೊಳವೆಗಳು ಕೂಡುವ ಅಂಗಳದ ಗುಂಡಿಗೆ, ಕೂಡಿಸಿಬಿಟ್ಟ ಮನೆಗಳಿಗೆ ನಮ್ಮಲ್ಲಿ ಬರವಿಲ್ಲ. ಲೆಕ್ಕ ಹಾಕಿ ನೋಡಿ: ಸಾವಿರ ಚದರಡಿ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು, ಹೆಚ್ಚುಕಡಿಮೆ ಒಂದು ಸಣ್ಣ ಟ್ಯಾಂಕರ್. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೂ ನಾಲ್ವರ ಸಂಸಾರ ಎಂಟು ದಿನ ಬಳಸುವ ನೀರು ಅದು. ಅಷ್ಟೂ ಒಂದೆರಡು ಗಂಟೆಯಲ್ಲಿ, ಅದೂ ಹತ್ತಾರು ಮನೆಗಳಿಂದ, ಒಂದೇ ಕೊಳವೆಗೆ ನುಗ್ಗಿದರೆ ಕೊಳವೆ ತುಂಬಿ ನೀರು ಹಿಂದಕ್ಕೆ ತಿರುಗುತ್ತದೆ.

ಹಿಂದಕ್ಕೆ ತಿರುಗಿದ ನೀರು ಎಲ್ಲಿ ಮೇಲೇಳುತ್ತದೆ? ಸಾಲಿನಲ್ಲಿ ಅತಿ ತಗ್ಗಿನಲ್ಲಿರುವ ಬಾಯಿಯಲ್ಲಿ. ಹಳೆಯ ಬಡಾವಣೆಗಳಲ್ಲಿ ಆ ಬಾಯಿ ಯಾವುದು ಎನ್ನುವುದನ್ನು ರಸ್ತೆಯೇ ನಿರ್ಧರಿಸಿದೆ. ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಹೋದಂತೆ ಬೀದಿ ಏರಿತು, ಮನೆ ಕುಳಿತಲ್ಲೇ ತಗ್ಗಾಯಿತು. ನಮ್ಮ ಮನೆಗೆ ಮೊದಲು ಎರಡು ಮೆಟ್ಟಿಲು ಹತ್ತಿ ಬರಬೇಕಿತ್ತಂತೆ. ನಾವು ಬಾಡಿಗೆಗೆ ಬರುವ ಹೊತ್ತಿಗೆ ಒಂದು ಮೆಟ್ಟಿಲು ಇಳಿಯಬೇಕಾಗಿತ್ತು. ಬೀದಿಯ ಮ್ಯಾನ್‌ಹೋಲಿನ ಮುಚ್ಚಳಕ್ಕಿಂತ ನಿಮ್ಮ ಬಚ್ಚಲಿನ ನೆಲ ತಗ್ಗಾಗಿದ್ದರೆ ಬೀದಿಯ ಪಾಲಿಗೆ ನಿಮ್ಮ ಬಚ್ಚಲೇ ಮ್ಯಾನ್‌ಹೋಲು.

ಇದಕ್ಕೆ ಮದ್ದು ಅಂಗಳದಲ್ಲಿರುತ್ತದೆ. ಮನೆಯ ಹೊರಗಿನ ಗಲ್ಲಿ ಟ್ರ್ಯಾಪಿನ (ಬಚ್ಚಲ ನೀರು ಚೇಂಬರ್ ಸೇರುವ ಮೊದಲು ಹಾಯುವ ಸಣ್ಣ ಗುಂಡಿ) ಜಾಲರಿಯಾಗಲಿ ಚೇಂಬರಿನ ಮುಚ್ಚಳವಾಗಲಿ ಬಚ್ಚಲಿನ ನೆಲಕ್ಕಿಂತ ಅರ್ಧ ಅಡಿಯಾದರೂ ತಗ್ಗಿನಲ್ಲಿದ್ದರೆ, ಉಕ್ಕುವ ನೀರು ಅಂಗಳಕ್ಕೆ ಉಕ್ಕುತ್ತದೆ, ಒಳಗೆ ಬರುವುದಿಲ್ಲ. ಗಲೀಜೇ, ಆದರೆ ಹೊರಗಿನ ಗಲೀಜು. ನಮ್ಮ ಮಾಲೀಕರು ಕಾರು ನಿಲ್ಲಿಸಲು ಅಂದವಾಗಿರಲಿ ಎಂದು ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿ, ಮೂರು ಚೇಂಬರುಗಳ ಬಾಯಿಗೂ ಸಿಮೆಂಟು ಮೆತ್ತಿಸಿದ್ದರು. ಹೊರಗೆ ಉಸಿರಾಡಲು ಜಾಗವಿಲ್ಲದ ನೀರು ನಮ್ಮ ಬಚ್ಚಲಿಗೆ ಬಂದಿತು. ಮೂರನೆಯ ಸಲ ಉಕ್ಕಿದ ಮೇಲೆ ಟೈಲ್ಸ್ ಒಡೆಸಿದೆವು. ಮೊದಲ ಚೇಂಬರಿನಿಂದ ಹೊರಬಂದದ್ದು ಒಂದು ನೆಲ ಒರೆಸುವ ಬಟ್ಟೆ, ಲೆಕ್ಕವಿಲ್ಲದಷ್ಟು ಒದ್ದೆ ಟಿಶ್ಯೂಗಳು ಮತ್ತು ಮಗುವಿನ ಒಂದು ಡೈಪರ್. ನಮ್ಮ ಮನೆಯಲ್ಲಿ ಆಗ ಮಗುವಿರಲಿಲ್ಲ. ಮೇಲಿನ ಮಹಡಿಯವರು ಒಂದು ವಾರ ನನ್ನ ಮುಖ ನೋಡಲಿಲ್ಲ.

ಹಾಗಾಗಿ ಮೊದಲು ಗೇಟಿನ ಹತ್ತಿರದ ಕೊನೆಯ ಚೇಂಬರ್ ತೆಗೆಸಿ ನೋಡಿ. ಮುಚ್ಚಳ ಎತ್ತಿದೊಡನೆ ಬಗ್ಗಿ ಇಣುಕಬೇಡಿ, ಹತ್ತಿರ ಬೆಂಕಿಕಡ್ಡಿ ಗೀರಬೇಡಿ. ಅದು ತುಂಬಿ ನಿಂತಿದ್ದರೆ ತಡೆ ಬೀದಿಯಲ್ಲಿದೆ: ಜಲಮಂಡಳಿಯ 1916ಕ್ಕೆ ಕರೆ ಮಾಡಿ ರಭಸದ ನೀರು ಹಾಯಿಸಿ ಕೊಳವೆ ಬಿಡಿಸುವ ಜೆಟ್ಟಿಂಗ್ ಯಂತ್ರ ಕೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದು ಖಾಲಿಯಿದ್ದು ಬಚ್ಚಲು ಮಾತ್ರ ತುಂಬಿದ್ದರೆ ತಡೆ ಕಾಂಪೌಂಡಿನ ಒಳಗೇ ಇದೆ, ಅದನ್ನು ಸರಿಪಡಿಸುವುದು ಮಾಲೀಕರ ಕೆಲಸ.

ಕೊನೆಯ ಚೇಂಬರಿಗೂ ಬೀದಿಗೂ ನಡುವೆ ನಾನ್ ರಿಟರ್ನ್ ವಾಲ್ವ್ ಹಾಕಿಸಲು ಹಲವರು ಹೇಳುತ್ತಾರೆ. ಒಳ್ಳೆಯದೇ. ನೀರು ಹೊರಗೆ ಹೋಗುವಾಗ ಅದರ ಕದ ತೆರೆಯುತ್ತದೆ, ಒಳಗೆ ನುಗ್ಗಿದಾಗ ಮುಚ್ಚುತ್ತದೆ. ಆದರೆ ಅದು ಮುಚ್ಚಿಕೊಂಡಿರುವಷ್ಟು ಹೊತ್ತು ಮೇಲಿನ ಮಹಡಿಗಳ ಸ್ನಾನ, ಪಾತ್ರೆ, ಫ್ಲಶ್‌ಗಳ ನೀರು ಹೋಗುವುದೆಲ್ಲಿಗೆ? ಮತ್ತೆ ನಿಮ್ಮ ಬಚ್ಚಲಿಗೇ. ಈ ಮಾತನ್ನು ವಾಲ್ವ್ ಮಾರುವವರು ಹೇಳುವುದಿಲ್ಲ. ಮೇಲಿನವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಅವರು ಕೇಳದಿದ್ದರೆ ತಾರಸಿಯ ಟ್ಯಾಂಕಿನಿಂದ ಇಳಿಯುವ ಕೊಳವೆಯ ವಾಲ್ವ್ ತಿರುಗಿಸಿಬಿಡಿ. ಜಗಳ ಬಂದರೆ ನೆಲ ಒಣಗಿದ ಮೇಲೆ ಆಡಬಹುದು.

ಇನ್ನು ಸ್ವಚ್ಛ ಮಾಡುವುದು. ಮೊದಲು ಮಗುವನ್ನು ಬೇರೆ ಮನೆಗೆ ಕಳುಹಿಸಿ. ನೀರು ಪ್ಲಗ್ ಪಾಯಿಂಟಿನ ಹತ್ತಿರ ಬರುವ ಮೊದಲೇ ಮೇನ್ ಸ್ವಿಚ್ ಆರಿಸಿ. ನೀರಿನಲ್ಲಿ ನಿಂತು ಮಾತ್ರ ಅದನ್ನು ಮುಟ್ಟಬೇಡಿ. ಗಂ ಬೂಟು, ಮೊಣಕೈವರೆಗಿನ ರಬ್ಬರ್ ಕೈಗವಸು, ಕನ್ನಡಕ ಇವಿಲ್ಲದೆ ಕೆಲಸಕ್ಕೆ ಇಳಿಯಬೇಡಿ. ಗಟ್ಟಿ ಗಲೀಜನ್ನು ಬಳಿದು ತೆಗೆದು, ಸೋಪಿನ ನೀರಿನಿಂದ ಉಜ್ಜಿ ತೊಳೆದ ಮೇಲಷ್ಟೇ ಬ್ಲೀಚಿಂಗ್ ಪುಡಿಯ ಸರದಿ. ಎಲ್ಲರೂ ಇದನ್ನು ತಲೆಕೆಳಗು ಮಾಡುತ್ತಾರೆ. ಗಲೀಜಿನ ಮೇಲೆ ಪುಡಿ ಚೆಲ್ಲಿದರೆ ಕ್ಲೋರಿನ್ ಗಲೀಜಿನೊಂದಿಗೇ ಮುಗಿದುಹೋಗುತ್ತದೆ, ರೋಗಾಣುಗಳಿಗೆ ಏನೂ ಉಳಿಯುವುದಿಲ್ಲ. ಲೀಟರಿಗೆ ಒಂದು ದೊಡ್ಡ ಚಮಚ, ಎಂದರೆ ಸುಮಾರು 15 ಗ್ರಾಂ ತಾಜಾ ಪುಡಿ ಕಲಸಿ, ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ನೆಲಕ್ಕೂ ಗೋಡೆಯ ಬುಡಕ್ಕೂ ಹಚ್ಚಿ. ಹದಿನೈದು ನಿಮಿಷ ಒದ್ದೆಯಾಗಿಯೇ ಇರಲಿ, ಕಿಟಕಿಗಳು ತೆರೆದಿರಲಿ. ಆಮೇಲೆ ತೊಳೆದು ಒಣಗಿಸಿ. ಕೊಳಚೆ ಕುಡಿದ ಹಾಸಿಗೆ, ಮಗುವಿನ ಬಟ್ಟೆ ಗೊಂಬೆಗಳನ್ನು ಎಸೆಯಿರಿ. ಬೇಸರವಾಗುತ್ತದೆ, ಆದರೂ ಎಸೆಯಿರಿ.

ಆಸಿಡ್ ಬೇಡ ಎಂದದ್ದಕ್ಕೆ ಕಾರಣ ಇಲ್ಲೇ ಇದೆ. ಒಮ್ಮೆ ನಾನು ಬಚ್ಚಲಿಗೆ ಆಸಿಡ್ ಹಾಕಿ ಸರಿಯಾಗಿ ತೊಳೆಯದೆ, ಅದರ ಮೇಲೆಯೇ ಬ್ಲೀಚಿಂಗ್ ನೀರು ಸುರಿದೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಗಂಟಲಿಗೆ ಯಾರೋ ಬೆಂಕಿ ತುರುಕಿದಂತಾಗಿ ಅಂಗಳಕ್ಕೆ ಓಡಿದೆ, ಎರಡು ದಿನ ಕೆಮ್ಮಿದೆ. ಕಕ್ಕಸು ತೊಳೆಯುವ ಹೆಚ್ಚಿನ ದ್ರವಗಳಲ್ಲೂ ಆಸಿಡ್ ಇರುತ್ತದೆ ಎಂಬುದು ನೆನಪಿರಲಿ.

ಸಂಪನ್ನು ಮರೆಯಬೇಡಿ. ಅದರ ಮುಚ್ಚಳ ಅಂಗಳದ ಮಟ್ಟದಲ್ಲಿದ್ದು ಕೊಳಚೆ ಅದರ ಮೇಲೆ ನಿಂತಿದ್ದರೆ, ಮೋಟಾರ್ ಹಾಕಿ ಆ ನೀರನ್ನು ತಾರಸಿಗೆ ಏರಿಸಬೇಡಿ. ಸಂಪನ್ನು ಖಾಲಿ ಮಾಡಿಸಿ, ತೊಳೆಸಿ, ಕ್ಲೋರಿನ್ ಹಾಕಿಸುವವರೆಗೂ ಕುಡಿಯಲು ಕ್ಯಾನ್ ನೀರು ತನ್ನಿ. ಕಾಲಿನಲ್ಲಿ ಗಾಯವಿದ್ದು ಕೊಳಚೆ ತಾಗಿದ್ದರೆ ಟೆಟನಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಕೊಳಚೆಯಲ್ಲಿ ನಡೆದದ್ದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಇಲಿ ಜ್ವರ ಹಾಗೆ ಬರುತ್ತದೆ, ಹೇಳದಿದ್ದರೆ ಅವರಿಗೆ ಹೊಳೆಯದೇ ಹೋಗಬಹುದು.

ನಮ್ಮ ಬೀದಿಯಲ್ಲಿ ಒಬ್ಬ ಮೇಸ್ತ್ರಿ ‘ಐನೂರು ಕೊಡಿ ಸಾರ್, ಹುಡುಗನನ್ನು ಒಳಗೆ ಇಳಿಸುತ್ತೇನೆ’ ಎಂದಿದ್ದ. ನಿಮಗೂ ಯಾರಾದರೂ ಹೇಳುತ್ತಾರೆ, ಒಪ್ಪಬೇಡಿ. ಮ್ಯಾನ್‌ಹೋಲಿನ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು ಎಂದುಕೊಂಡ ಮನುಷ್ಯ ಅಲ್ಲೇ ಕುಸಿಯುತ್ತಾನೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಹಾಗೆ ಇಳಿಸುವುದು ಅಪರಾಧ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಚೇಂಬರ್ ಒಡೆಸಲು ಮಾಲೀಕರು ಒಪ್ಪುವವರೆಗೆ ಒಂದು ತಾತ್ಕಾಲಿಕ ಉಪಾಯವಿದೆ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಮುಕ್ಕಾಲು ಭಾಗ ಮರಳು ತುಂಬಿ ಬಾಯಿ ಕಟ್ಟಿ ಎರಡು ಮೂಟೆ ಮಾಡಿಟ್ಟುಕೊಳ್ಳಿ. ಮೋಡ ಕವಿದಾಗ ಒಂದನ್ನು ಬಚ್ಚಲಿನ ಜಾಲರಿಯ ಮೇಲೆ ಒತ್ತಿ ಕೂರಿಸಿ, ಇನ್ನೊಂದನ್ನು ಕಮೋಡಿನ ಒಳಗೆ ಇಳಿಸಿ. ಆಮೇಲೆ ಮೇಲೆ ಹೋಗಿ, ಮಳೆ ನಿಲ್ಲುವವರೆಗೆ ನಲ್ಲಿ ತಿರುಗಿಸಬೇಡಿ ಎಂದು ಹೇಳಿ ಬನ್ನಿ.