ಕೀ ಕಾರಿನೊಳಗೇ ಉಳಿದು ಬಾಗಿಲು ಲಾಕ್ ಆದರೆ ಏನು ಮಾಡಬೇಕು?

ಮೊದಲು ಎಲ್ಲ ಬಾಗಿಲು, ಡಿಕ್ಕಿ ಎಳೆದು ನೋಡಿ. ಗಾಬರಿಯಲ್ಲಿ ಇದನ್ನೇ ಮರೆಯುತ್ತೇವೆ. ಒಳಗೆ ಮಗು ಸಿಕ್ಕಿಕೊಂಡಿದ್ದರೆ ಕಾಯಬೇಡಿ: ತುರ್ತು ಸೇವೆಗೆ ಕರೆ ಮಾಡಿ, ಮಗುವಿನಿಂದ ದೂರವಿರುವ ಪಕ್ಕದ ಕಿಟಕಿಯ ಮೂಲೆಗೆ ಚೂಪಾದ ಲೋಹದಿಂದ ಹೊಡೆಯಿರಿ. ಮುಂದಿನ ದೊಡ್ಡ ಗಾಜು ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರ ಇರುವಂಥದ್ದು), ಬಿರುಕು ಬಿಟ್ಟರೂ ಉದುರುವುದಿಲ್ಲ.

ಅಂಥ ತುರ್ತಿಲ್ಲದಿದ್ದರೆ ಸ್ಪೇರ್ ಕೀ ತರಿಸುವುದೇ ಒಳ್ಳೆಯದು. ಕಾರಿಗೆ ಜೋಡಿಸಿದ ಆ್ಯಪ್ ಇದ್ದರೆ ಫೋನಿನಿಂದಲೇ ಅನ್‌ಲಾಕ್ ಮಾಡಬಹುದು. ಎರಡೂ ಇಲ್ಲವೇ? ವಿಮೆಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ (ಕಾರು ಇದ್ದಲ್ಲಿಗೇ ಬಂದು ನೆರವಾಗುವ ಸೇವೆ) ಇದೆಯೇ ನೋಡಿ. ಪಳಗಿದವರು ಬಾಗಿಲ ಮೇಲ್ಮೂಲೆಗೆ ಗಾಳಿಚೀಲ ತೂರಿಸಿ, ತುಸು ಸಂದು ಮಾಡಿ, ಉದ್ದ ಕಂಬಿಯಿಂದ ಒಳಗಿನ ಲಾಕ್ ಬಟನ್ ಒತ್ತುತ್ತಾರೆ. ಗಾಜಿನ ಪಕ್ಕ ಸ್ಕೇಲ್ ಇಳಿಸುವ ಹಳೇ ಕೈಚಳಕ ಈಗಿನ ಕಾರುಗಳಿಗೆ ಬೇಡ. ಪವರ್ ವಿಂಡೋ ವೈರುಗಳು, ಕೆಲವು ಮಾದರಿಗಳಲ್ಲಿ ಏರ್‌ಬ್ಯಾಗ್ ಸೆನ್ಸರಿನ ವೈರುಗಳೂ ಬಾಗಿಲೊಳಗೇ ಇರುತ್ತವೆ.